ನಗರಯೋಜಕರಿಗೆ ಸಲ್ಲುವ ಗೌರವ: ಇಂದೂರಿನ ನಿದರ್ಶನ

ಗೆದ್ದ ಅರಸನಿಗೆ ಪ್ರಶಸ್ತಿಯುಂಟು. ಮಡಿದ ವೀರನಿಗೆ ವೀರಗಲ್ಲುಂಟು. ಕೆರೆ ಕಟ್ಟಿಸಿದವನಿಗೆ ಶಾಸನದಲ್ಲಿ ನಾಲ್ಕು ಸಾಲುಗಳುಂಟು. ನಮ್ಮ ನಾಡಿನ ಚರಿತ್ರೆಯನ್ನು ಓದುವವರಿಗೆ ಇವೆಲ್ಲ ಪರಿಚಿತವಾದವು. ಆದರೆ ಕೆರೆಗೆ ತಕ್ಕ ತಾಣವನ್ನು ಗೊತ್ತುಮಾಡಿ, ಏರಿಯು ಎಲ್ಲಿಂದ ಎಲ್ಲಿಗೆ ಓಡಬೇಕೆಂಬುದನ್ನು ನೆಲದ ಮೇಲೆ ಗುರುತಿಸಿದವನು ಯಾರೆಂಬುದನ್ನು ಶಾಸನಗಳು ವಿರಳವಾಗಿ ಮಾತ್ರ ಹೇಳುತ್ತವೆ. ಊರುಗಳ ವಿಷಯದಲ್ಲಿಯೂ ಇದೇ ಸ್ಥಿತಿ. ಊರನ್ನು ಕಟ್ಟಿಸಿದವನು ಸ್ಮರಣೀಯನಾದನು. ಊರಿನ ಬೀದಿ, ಚರಂಡಿ, ತೋಟ, ಸಂತೆಮಾಳಗಳನ್ನು ಒಂದಕ್ಕೊಂದು ಹೊಂದುವಂತೆ ಯೋಚಿಸಿದವನು ಅಜ್ಞಾತನಾಗಿಯೇ ಉಳಿದನು. ನಗರಯೋಜನೆಯೆಂಬುದು ಪ್ರತ್ಯೇಕವಾದ ಒಂದು ವೃತ್ತಿಯಾಗಿ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಆ ವೃತ್ತಿಯವರನ್ನು ಗೌರವಿಸುವ ಪದ್ಧತಿಯೂ ಅಷ್ಟೇ ಈಚಿನದು. ಈ ಗೌರವವನ್ನು ಯಾರು ಕೊಡಬೇಕು, ಯಾವುದಕ್ಕಾಗಿ ಕೊಡಬೇಕು, ಅದು ಯಾರವರೆಗೆ ತಲಪಬೇಕು ಎಂಬುದನ್ನು ಇಂದೂರು ನಗರದ ನಿದರ್ಶನದಿಂದ ವಿಚಾರಮಾಡುವುದು ನಮ್ಮ ಪ್ರಕೃತ ಉದ್ದೇಶ.

ನಮ್ಮ ತರಗತಿಯಲ್ಲಿ ಒಮ್ಮೆ ವಿದ್ಯಾರ್ಥಿಗಳನ್ನು ಕೇಳಿದೆವು: ನೀವು ವಾಸಿಸುವ ಬಡಾವಣೆಯ ನಕ್ಷೆಯನ್ನು ಬರೆದವರು ಯಾರು? ಯಾರೂ ಉತ್ತರ ಕೊಡಲಿಲ್ಲ. ಒಬ್ಬ ವಿದ್ಯಾರ್ಥಿ ಅದೇ ಪ್ರಶ್ನೆಯನ್ನು ನಮಗೆ ತಿರುಗಿಸಿ ಕೇಳಿದಾಗ ನಾವೂ ಮೌನವಾಗಬೇಕಾಯಿತು. ಬೆಂಗಳೂರಿನ ಹಳೆಯ ಬಡಾವಣೆಗಳ ಹೆಸರುಗಳನ್ನೇ ನೋಡಬಹುದು. ಚಾಮರಾಜಪೇಟೆ ಮಹಾರಾಜರ ಹೆಸರನ್ನು ಹೊತ್ತಿದೆ. ಶೇಷಾದ್ರಿಪುರ 1883ರಿಂದ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಹೆಸರನ್ನು. ಬಸವನಗುಡಿ, ಮಲ್ಲೇಶ್ವರಗಳು ದೇವಸ್ಥಾನಗಳ ಹೆಸರನ್ನು. ರಾಜ, ಮಂತ್ರಿ, ದೇವರು, ಈ ಮೂವರ ನಡುವೆ ಸರ್ವೇ ಸರಪಳಿ ಹಿಡಿದವನಿಗೆ ಸ್ಥಳ ದೊರೆಯಲಿಲ್ಲ. ಅಪವಾದಗಳು ಇಲ್ಲವೆಂದಲ್ಲ. 1908ರಿಂದ 1932ರವರೆಗೆ ಮೈಸೂರು ಸಂಸ್ಥಾನದ ತೋಟಗಾರಿಕೆಯ ಹೊಣೆ ಹೊತ್ತು, ನಗರದ ವಿನ್ಯಾಸದ ವಿಷಯದಲ್ಲಿಯೂ ಸಲಹೆ ನೀಡುತ್ತಿದ್ದ ಜರ್ಮನ್ ವಿದ್ವಾಂಸ ಕ್ರುಂಬಿಗಲ್ ಅವರ ಹೆಸರಿನಲ್ಲಿ ಲಾಲ್‌ಬಾಗಿನ ಬಳಿ ಒಂದು ರಸ್ತೆಯುಂಟು. ಒಂದು ಋತುವಿನ ಹೂ ಉದುರುವ ಹೊತ್ತಿಗೆ ಮತ್ತೊಂದು ಬಗೆಯ ಮರ ಅರಳುವಂತೆ ಬೀದಿಗಳಲ್ಲಿ ಮರ ನೆಡಿಸಿದವರು ಅವರು. ಆ ಮರಗಳ ನೆರಳಿನಲ್ಲಿ ನಡೆಯುವವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೆಂಬುದು ಬೇರೆ ಮಾತು.

ಇದಕ್ಕೆ ಜನರ ಕೃತಘ್ನತೆಯೊಂದೇ ಕಾರಣವೆಂದು ತಿಳಿಯುವುದು ಸರಿಯಲ್ಲ. ಕಾವ್ಯಕ್ಕೆ ಒಬ್ಬ ಕರ್ತೃವಿರುತ್ತಾನೆ. ನಗರಕ್ಕೆ ಅಂಥ ಒಬ್ಬ ಕರ್ತೃವಿಲ್ಲ. ಯೋಜಕನು ನಕ್ಷೆ ಬರೆದರೆ ಇಂಜಿನಿಯರು ಅದನ್ನು ತಿದ್ದುತ್ತಾನೆ, ನಗರಸಭೆ ಅರ್ಧಕ್ಕೆ ಮಂಜೂರಾತಿ ಕೊಡುತ್ತದೆ, ಮನೆ ಕಟ್ಟುವವರು ಉಳಿದರ್ಧವನ್ನು ತಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳುತ್ತಾರೆ. ಮೇಲಾಗಿ ಯೋಜನೆಯ ಗುಣಾವಗುಣಗಳು ಗೋಚರವಾಗುವುದಕ್ಕೆ ಒಂದು ತಲೆಮಾರು ಬೇಕು. ಅಷ್ಟರಲ್ಲಿ ಯೋಜಕನು ನಿವೃತ್ತನೋ ಗತಿಸಿದವನೋ ಆಗಿರುತ್ತಾನೆ. ಇನ್ನೊಂದು ಕಾರಣವೂ ಉಂಟು: ಒಳ್ಳೆಯ ಚರಂಡಿಯನ್ನು ಯಾರೂ ಗಮನಿಸುವುದಿಲ್ಲ, ಕೆಟ್ಟ ಚರಂಡಿಯನ್ನು ಎಲ್ಲರೂ ಗಮನಿಸುತ್ತಾರೆ.

ಆದುದರಿಂದ ಈ ವೃತ್ತಿಯವರು ತಮ್ಮವರನ್ನು ತಾವೇ ಗೌರವಿಸಿಕೊಳ್ಳುವ ಏರ್ಪಾಡುಗಳನ್ನು ಮೊದಲು ಮಾಡಿಕೊಂಡರು. ಬ್ರಿಟನ್ನಿನಲ್ಲಿ ನಗರಯೋಜಕರ ಸಂಸ್ಥೆ 1914ರಲ್ಲಿ ಸ್ಥಾಪಿತವಾಯಿತು; ಭಾರತದಲ್ಲಿ ಅಂಥದೇ ಸಂಸ್ಥೆ 1951ರಲ್ಲಿ. ಉದ್ಯಾನನಗರಗಳ ಕಲ್ಪನೆಯನ್ನು ಜಗತ್ತಿಗೆ ಕೊಟ್ಟ ಎಬನೀಜರ್ ಹೊವರ್ಡ್ ಅವರ ಸ್ಮಾರಕವಾಗಿ ಒಂದು ಪದಕ ಏರ್ಪಟ್ಟು, ಅದು ಮೊದಲು 1938ರಲ್ಲಿ ರೇಮಂಡ್ ಅನ್‌ವಿನ್ ಅವರಿಗೆ ಸಂದಿತು. ಹೊವರ್ಡ್ ಅವರು ವಾಸ್ತುಶಿಲ್ಪಿಯೂ ಅಲ್ಲ, ಇಂಜಿನಿಯರೂ ಅಲ್ಲ. ಶೀಘ್ರಲಿಪಿಯ ಬರೆಹದಿಂದ ಜೀವನ ನಡೆಸಿದವರು. ಲೆಚ್‌ವರ್ತ್ ನಗರ 1903ರಲ್ಲಿ ಆರಂಭವಾದದ್ದು ಅವರ ಒಂದು ಪುಸ್ತಕದ ಬಲದಿಂದ. ವೃತ್ತಿಗೆ ಸೇರದವನೊಬ್ಬನ ಹೆಸರಿನಲ್ಲಿ ವೃತ್ತಿಯ ಹಿರಿಯ ಪದಕ ಇರುವುದು ಸೋಜಿಗವಾದರೂ ಉಚಿತವೇ. ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಒಕ್ಕೂಟ 1961ರಲ್ಲಿ ಪ್ಯಾಟ್ರಿಕ್ ಅಬರ್‌ಕ್ರಾಂಬಿ ಅವರ ಹೆಸರಿನಲ್ಲಿ ನಗರಯೋಜನೆಗಾಗಿ ಬಹುಮಾನವನ್ನು ಸ್ಥಾಪಿಸಿತು. ಅಮೆರಿಕದ ಯೋಜಕರ ಸಂಸ್ಥೆಯಾದರೋ ತನ್ನ ಹಿರಿಯ ಸದಸ್ಯರಲ್ಲಿ ಕೆಲವರನ್ನು ಆಯ್ದು ಫೆಲೋ ಎಂಬ ಪದವಿಯನ್ನು ಕೊಡುತ್ತದೆ. ವೃತ್ತಿಯ ಕೆಲಸ, ಬೋಧನೆ, ಸಂಶೋಧನೆ, ಸಮುದಾಯದ ಸೇವೆ ಮತ್ತು ನಾಯಕತ್ವ ಎಂಬ ನಾಲ್ಕು ದಾರಿಗಳಲ್ಲಿ ಯಾವುದರಿಂದಲಾದರೂ ಅದಕ್ಕೆ ಅರ್ಹರಾಗಬಹುದು.

ಈ ನಾಲ್ಕರಲ್ಲಿ ಮೊದಲ ಮೂರನ್ನು ತೂಗಿನೋಡುವುದು ಸಹವೃತ್ತಿಯವರಿಗೆ ಸಾಧ್ಯ. ಸಮುದಾಯದ ಸೇವೆಯನ್ನು ತೂಗುವವರಾರು? ಆ ಸಮುದಾಯವೇ ಅಲ್ಲವೆ? ಆದರೆ ಬೀದಿಯ ಜನ ಪದಕಗಳನ್ನು ಎರಕ ಹೊಯ್ಯಿಸುವುದಿಲ್ಲ, ಆಯ್ಕೆಯ ಸಮಿತಿಗಳನ್ನೂ ರಚಿಸುವುದಿಲ್ಲ. ಜನರು ಯೋಜಕನನ್ನು ಗೌರವಿಸಿದರೆ ಆ ಗೌರವದ ರೂಪವೇನು ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದಾಗ ನಮಗೆ ಪ್ಯಾಟ್ರಿಕ್ ಗೆಡ್ಡೀಸ್ ಅವರ ಇಂದೂರಿನ ಪ್ರಸಂಗ ಎದುರಾಯಿತು.

ಗೆಡ್ಡೀಸ್ ಸ್ಕಾಟ್ಲೆಂಡಿನವರು, 1854ರಲ್ಲಿ ಹುಟ್ಟಿದರು. ಮೂಲತಃ ಜೀವವಿಜ್ಞಾನಿ, ಹಕ್ಸ್‌ಲಿಯವರ ಶಿಷ್ಯರು. ಯೌವನದಲ್ಲಿ ಮೆಕ್ಸಿಕೋದಲ್ಲಿದ್ದಾಗ ದೃಷ್ಟಿಗೆ ತಗುಲಿದ ಬೇನೆಯಿಂದ ಸೂಕ್ಷ್ಮದರ್ಶಕದ ಕೆಲಸ ಕಷ್ಟವಾಯಿತು. ಜೀವಿಯನ್ನೂ ಅದರ ಪರಿಸರವನ್ನೂ ಕೂಡಿಸಿ ನೋಡುವ ಅಭ್ಯಾಸವನ್ನು ಅವರು ಊರುಗಳ ಕಡೆಗೆ ತಿರುಗಿಸಿದರು. ಎಡಿನ್‌ಬರೊದ ಹಳೆಯ ನಗರದ ಕೊಳಕು ಕೇರಿಯೊಂದರಲ್ಲಿ ಹೆಂಡತಿಯೊಡನೆ ಮನೆ ಹೂಡಿ, ಗೋಡೆಗೆ ಸುಣ್ಣ ಬಳಿಯುವುದರಿಂದ, ಕಿಟಕಿಗೆ ಹೂಕುಂಡವಿಡುವುದರಿಂದ ಮೊದಲುಗೊಂಡು ನೆರೆಹೊರೆಯವರನ್ನು ಸೇರಿಸಿಕೊಂಡು ಆ ಕೇರಿಯನ್ನು ಸುಧಾರಿಸಿದರು. ಅವರ ಇಡೀ ಯೋಜನಾಶಾಸ್ತ್ರವು ಆ ಸುಣ್ಣದ ಬಕೀಟಿನಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. 1912ರಲ್ಲಿ ಸರ್ಕಾರವು ಅವರಿಗೆ ನೈಟ್ ಪದವಿಯನ್ನು ಕೊಡಮುಂದಾಯಿತು. ಪ್ರಜಾಪ್ರಭುತ್ವದಲ್ಲಿ ತಮಗಿದ್ದ ನಂಬಿಕೆಯ ಕಾರಣದಿಂದ ಅವರು ಅದನ್ನು ನಿರಾಕರಿಸಿದರು. ಈ ನಿರಾಕರಣೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಅವರ ಆಹ್ವಾನದ ಮೇಲೆ ಗೆಡ್ಡೀಸ್ 1914ರಲ್ಲಿ ಭಾರತಕ್ಕೆ ಬಂದರು. ನಗರಗಳ ನಕ್ಷೆ, ಚಿತ್ರ, ಮಾದರಿಗಳನ್ನು ವರ್ಷಗಟ್ಟಲೆ ಕೂಡಿಸಿ ಅವರು ಸಿದ್ಧಪಡಿಸಿದ್ದ ಪ್ರದರ್ಶನವು ಬೇರೊಂದು ಹಡಗಿನಲ್ಲಿ ಬರುತ್ತಿತ್ತು. ಆ ಹಡಗನ್ನು ಜರ್ಮನರ ಎಂಡೆನ್ ನೌಕೆ ಮುಳುಗಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮದರಾಸಿನ ಮೇಲೆ ಗುಂಡು ಹಾರಿಸಿ ದಕ್ಷಿಣ ಭಾರತದವರ ಬಾಯಲ್ಲಿ ಗಾದೆಯಂತಾದ ಎಂಡೆನ್ ಇದೇ. ಮಿತ್ರರು ಇಂಗ್ಲೆಂಡಿನಲ್ಲಿ ತರಾತುರಿಯಿಂದ ಹೊಸ ಸಾಮಗ್ರಿಯನ್ನು ಕೂಡಿಸಿ ಕಳುಹಿಸಿದರು; 1915ರ ಜನವರಿಯಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆದೇ ನಡೆಯಿತು.

ಅಂದಿನ ಭಾರತದಲ್ಲಿ ಪಟ್ಟಣದ ಸುಧಾರಣೆಯೆಂದರೆ ಏನಾಗಿತ್ತೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಮುಂದಿನ ಎರಡು ದಶಕಗಳಲ್ಲಿ ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಕೊಂದಿತು. ರೋಗವು ಇಕ್ಕಟ್ಟಾದ ಕೇರಿಗಳಿಂದ ಹಬ್ಬುತ್ತದೆಂಬ ತಿಳಿವಳಿಕೆಯ ಮೇಲೆ ಮುಂಬಯಿಯಲ್ಲಿ 1898ರಲ್ಲಿಯೂ ಮೈಸೂರು ನಗರದಲ್ಲಿ 1903ರಲ್ಲಿಯೂ ನಗರ ಸುಧಾರಣಾ ಮಂಡಲಿಗಳು ಏರ್ಪಟ್ಟವು. ಈ ಮಂಡಲಿಗಳಿಂದ ಅಗಲವಾದ ಬೀದಿಗಳೂ ಗಾಳಿ ಬೆಳಕಿನ ಮನೆಗಳೂ ಬಂದುವೆಂಬುದನ್ನು ಅಲ್ಲಗಳೆಯಲಾಗದು. ಮಲ್ಲೇಶ್ವರ, ಬಸವನಗುಡಿಗಳು ತುಂಬಿದ್ದು ಪ್ಲೇಗಿನ ಭಯದಿಂದಲೇ. ಆದರೆ ಕೆಡವಿದ ಮನೆಗಳಲ್ಲಿದ್ದವರು ಎಲ್ಲಿಗೆ ಹೋದರೆಂಬುದನ್ನು ವಿಚಾರಿಸಿದವರು ಕಡಿಮೆ. ಮನೆ ಹೊಕ್ಕು ಶೋಧಿಸುವುದು, ರೋಗಿಗಳನ್ನು ಎಳೆದೊಯ್ಯುವುದು, ಸಾಮಾನು ಸುಡುವುದು ಇವುಗಳಿಂದ ಜನ ರೊಚ್ಚಿಗೆದ್ದಿದ್ದರು. ಪುಣೆಯ ಪ್ಲೇಗು ಅಧಿಕಾರಿ ರ್‍ಯಾಂಡ್ 1897ರ ಜೂನ್ 22ರ ರಾತ್ರಿ ಗುಂಡೇಟಿಗೆ ಗುರಿಯಾದನು. 1898ರಲ್ಲಿ ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಮಿನಲ್ಲಿ ದಂಗೆಯೇ ಆಯಿತು. ನಕ್ಷೆ ಹಿಡಿದು ಬೀದಿಗೆ ಬರುವ ಅಧಿಕಾರಿಯೆಂದರೆ ಮನೆ ಕೆಡವಲು ಬಂದವನು ಎಂಬ ಭಾವನೆ ಜನರಲ್ಲಿ ಬೇರೂರಿತ್ತು.

ಗೆಡ್ಡೀಸ್ ಈ ಕೆಡವುವ ಪದ್ಧತಿಯನ್ನು ಕಟುವಾಗಿ ವಿರೋಧಿಸಿದರು. ವೈದ್ಯನು ಮೊದಲು ರೋಗಿಯ ನಾಡಿ ನೋಡುವಂತೆ ಯೋಜಕನು ಮೊದಲು ಊರನ್ನು ಕಾಲ್ನಡಿಗೆಯಲ್ಲಿ ಸುತ್ತಬೇಕು. ಶಸ್ತ್ರಚಿಕಿತ್ಸೆ ಅನಿವಾರ್ಯವಾದಲ್ಲಿ ಅತ್ಯಲ್ಪ ಅಂಗವನ್ನು ಮಾತ್ರ ತೆಗೆಯಬೇಕು ಎಂಬುದು ಅವರ ಮತ. ಪಾಳುಬಿದ್ದ ಮನೆಯೊಂದನ್ನು ತೆಗೆದು ಅಲ್ಲಿ ಮರ ನೆಟ್ಟರೆ, ಮುಚ್ಚಿಹೋದ ಓಣಿಯೊಂದನ್ನು ತೆರೆದರೆ, ಕೆರೆ ಮುಚ್ಚುವ ಬದಲು ಹೂಳೆತ್ತಿದರೆ, ಇಡೀ ಕೇರಿ ಉಸಿರಾಡುತ್ತದೆಂದು ಅವರು ತೋರಿಸಿಕೊಟ್ಟರು. ತಂಜಾವೂರಿನ ಕೋಟೆಯೊಳಗಿನ ವಸತಿಯ ವಿಷಯದಲ್ಲಿ, ನೇರ ಬೀದಿಗಳನ್ನು ಕೊರೆಯುವ ಯೋಜನೆಗೆ ತಗಲುವ ವೆಚ್ಚದ ಆರರಲ್ಲಿ ಒಂದು ಪಾಲಿನಲ್ಲಿ ತಮ್ಮ ಕ್ರಮದಿಂದ ಕೆಲಸ ಸಾಧ್ಯವೆಂದು ಅವರು ಲೆಕ್ಕ ಕೊಟ್ಟರು. ಅಂಗಳದ ತುಳಸಿಕಟ್ಟೆಯನ್ನು ಕಂಡು, ಪ್ರತಿದಿನ ಗುಡಿಸಿ ಸಾರಿಸಿ ಪೂಜಿಸುವ ಈ ಅಂಗೈಯಗಲದ ತೋಟವೇ ನಗರಯೋಜನೆಯ ಬೀಜವೆಂದು ಅವರು ಭಾವಿಸಿದರು. ಪರದೇಶದಿಂದ ಬಂದ ಅಂದಿನ ಅಧಿಕಾರಿಗಳಲ್ಲಿ ಇಂಥ ಕಣ್ಣು ವಿರಳ.

1917-18ರಲ್ಲಿ ಅವರು ಹೋಳ್ಕರರ ರಾಜಧಾನಿಯಾದ ಇಂದೂರಿನಲ್ಲಿ ಕೆಲಸಮಾಡಿದರು. ಅದು ಅವರ ಬಾಳಿನ ಅತ್ಯಂತ ದುಃಖದ ಕಾಲವೂ ಆಗಿತ್ತು. 1917ರ ಏಪ್ರಿಲಿನಲ್ಲಿ ಹಿರಿಯ ಮಗ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಡಿದನು. ಹೆಂಡತಿ ಆಗ ಭಾರತದಲ್ಲಿಯೇ ಕಾಯಿಲೆಯಿಂದ ಮಲಗಿದ್ದರು; ಆಕೆಗೆ ಆ ಸುದ್ದಿಯನ್ನು ತಿಳಿಸದೆ ಬಚ್ಚಿಟ್ಟುಕೊಂಡು ಗೆಡ್ಡೀಸ್ ದಿನ ಕಳೆದರು. ಜೂನಿನಲ್ಲಿ ಆಕೆಯೂ ತೀರಿಕೊಂಡರು.

ಇಂದೂರಿನಲ್ಲಿ ಪ್ಲೇಗು, ಮಲೇರಿಯಗಳು ಹಬ್ಬಿದ್ದವು. ಗೆಡ್ಡೀಸ್ ಬೀದಿಗಳನ್ನು ಸುತ್ತುವಾಗ ಜನ ಅವರನ್ನು ಭಯದಿಂದಲೂ ದ್ವೇಷದಿಂದಲೂ ನೋಡುತ್ತಿದ್ದರು. ಮನೆ ಕೆಡವುವ ಸಾಹೇಬನೆಂದೇ ಅವರನ್ನು ತಿಳಿದಿದ್ದರು. ಭಾಷಣ, ಕರಪತ್ರಗಳಿಂದ ಈ ಭಯ ಹೋಗುವಂತಿರಲಿಲ್ಲ. ಗೆಡ್ಡೀಸ್ ಆಗ ಸಂಸ್ಥಾನದವರ ಮುಂದೆ ಒಂದು ವಿಚಿತ್ರ ಕೋರಿಕೆಯನ್ನಿಟ್ಟರು: ನನ್ನನ್ನು ಒಂದು ದಿನದ ಮಟ್ಟಿಗೆ ಮಹಾರಾಜನನ್ನಾಗಿ ಮಾಡಿರಿ. ಕೋರಿಕೆ ಸಮ್ಮತವಾಯಿತು. ನೈಟ್ ಪದವಿಯನ್ನು ಒಲ್ಲೆನೆಂದವರು ಒಂದು ದಿನದ ರಾಜತ್ವವನ್ನು ಬೇಡಿ ಪಡೆದರು! ವಿರೋಧಾಭಾಸದಂತೆ ತೋರುವ ಈ ಸಂಗತಿಯ ಒಳಗುಟ್ಟು ಮುಂದಿನ ವೃತ್ತಾಂತದಿಂದ ತಿಳಿಯುವುದು.

ದೀಪಾವಳಿ ಸಮೀಪಿಸಿತ್ತು. ಹಬ್ಬಕ್ಕೆ ಮೆರವಣಿಗೆಯೊಂದು ಹೊರಡುವುದೆಂದೂ, ಅದು ರೂಢಿಯ ರಾಜಬೀದಿಗಳಲ್ಲಿ ಸಾಗದೆ, ಯಾವ ಬೀದಿಗಳಲ್ಲಿ ಹೆಚ್ಚು ಮನೆಗಳು ಗುಡಿಸಿ ಬಳಿದು ದುರಸ್ತಾಗಿರುವುವೋ ಆ ಬೀದಿಗಳಲ್ಲಿ ಸಾಗುವುದೆಂದೂ ಸಾರಲಾಯಿತು. ಕಸವನ್ನು ನಗರಸಭೆಯ ಗಾಡಿಗಳು ಹಣ ಕೇಳದೆ ಒಯ್ಯುವುವೆಂದು ಪ್ರಕಟಿಸಲಾಯಿತು. ದೀಪಾವಳಿಗೆ ಮನೆ ಸಾರಿಸಿ ಸುಣ್ಣ ಬಳಿಯುವುದು ಹೇಗೂ ಇದ್ದ ಪದ್ಧತಿ. ಅದಕ್ಕೆ ಕೇರಿಗಳ ನಡುವಣ ಸ್ಪರ್ಧೆಯ ಹುರುಪು ಕೂಡಿತು. ಗೆಡ್ಡೀಸರ ಮಾತಿನಂತೆ ಆರು ಸಾವಿರಕ್ಕೂ ಮೀರಿದ ಗಾಡಿಗಳಷ್ಟು ಕಸ ಮನೆ ಅಂಗಳಗಳಿಂದ ಹೊರಬಿತ್ತು.

ಮೆರವಣಿಗೆಯ ಮೊದಲಲ್ಲಿ ಸುಗ್ಗಿಯ ಸಮೃದ್ಧಿಯನ್ನು ತೋರುವ ದೃಶ್ಯಗಳು, ಆನೆ ಕುದುರೆಗಳು, ಲಕ್ಷ್ಮಿ. ಅನಂತರ ವಿಕಾರವಾದ ಸಂಗೀತದೊಡನೆ ರೋಗ ಕೊಳಕುಗಳ ರಾಕ್ಷಸರು: ಕುಸಿದ ಮನೆಗಳ ಮಾದರಿ, ದೈತ್ಯಾಕಾರದ ಸೊಳ್ಳೆಗಳು, ಪ್ಲೇಗಿನ ಹೆಗ್ಗಣ. ಅದಾದ ಮೇಲೆ ಒಂದು ಬಿಡುವು. ಮತ್ತೆ ಬಂದವರು ಝಾಡಮಾಲಿಗಳು. ಅವರ ಗಾಡಿಗಳಿಗೆ ಹೊಸ ಬಣ್ಣ, ಎತ್ತುಗಳಿಗೆ ಅಲಂಕಾರ. ಅವರ ಮೈಮೇಲೆ ಶುಭ್ರವಾದ ಬಿಳಿಯ ಬಟ್ಟೆ, ಕೊರಳಲ್ಲಿ ಹೂಮಾಲೆ, ಹೆಗಲಲ್ಲಿ ಹೊಸ ಪೊರಕೆ. ಊರು ಯಾರ ನೆರಳನ್ನೂ ಸೋಕಿಸಿಕೊಳ್ಳುತ್ತಿರಲಿಲ್ಲವೋ ಅವರು ಹಬ್ಬದ ಮೆರವಣಿಗೆಯ ನಡುವೆ, ರಾಜಮರ್ಯಾದೆಯೊಡನೆ ನಡೆದರು. ಅವರ ಹಿಂದೆ ಕಸಬುದಾರರು. ಮುಂದೆ ಆಗಬೇಕಾದ ಹೊಸ ಇಂದೂರಿನ ಮನೆ, ತೋಟ, ಕಟ್ಟಡಗಳ ಮಾದರಿಗಳು. ಕಡೆಯಲ್ಲಿ ತುಳಸಿಯ ಸಸಿಗಳನ್ನು ತುಂಬಿದ ಗಾಡಿ. ಸಸಿಗಳನ್ನು ಜನರಿಗೆ ಹಂಚಲಾಯಿತು.

ಅಂದಿನಿಂದ ಅವರನ್ನು ಕಂಡು ಕೇರಿಯ ಜನ ಹೆದರಲಿಲ್ಲವೆಂದೂ, ಊರು ತಮ್ಮ ಮಾತನ್ನು ಕೇಳಿತೆಂದೂ ಗೆಡ್ಡೀಸ್ ಮುಂದೆ ಹೇಳಿಕೊಂಡರು. ಜನರ ಗೌರವದ ರೂಪವೇನೆಂಬ ನಮ್ಮ ಪ್ರಶ್ನೆಗೆ ಇಲ್ಲಿ ಒಂದು ಉತ್ತರವಿದೆ. ಬಾಗಿಲು ಮುಚ್ಚಿಕೊಳ್ಳುತ್ತಿದ್ದವರು ತೆರೆದರು, ಸುಣ್ಣ ಬಳಿದರು, ಕಸವನ್ನು ತಾವೇ ಹೊತ್ತು ತಂದರು. ಯೋಜಕನ ಮಾತನ್ನು ತಮ್ಮ ಕೆಲಸವನ್ನಾಗಿ ಮಾಡಿಕೊಳ್ಳುವುದಕ್ಕಿಂತ ಹೆಚ್ಚಿನ ಗೌರವವನ್ನು ಊರು ಅವನಿಗೆ ಮಾಡಲಾರದು. ಇನ್ನೊಂದು ಅಂಶವೂ ಗಮನಾರ್ಹ: ತನಗೆ ದೊರೆತ ಒಂದು ದಿನದ ರಾಜತ್ವವನ್ನು ಆ ಯೋಜಕನು ಗುಡಿಸುವವರ ಕೊರಳಿಗೆ ಹಾಕಿದನು.

ಚರಿತ್ರೆಯ ಅಭ್ಯಾಸಿಗಳಾದ ನಾವು ಇಷ್ಟಕ್ಕೇ ನಿಲ್ಲುವಂತಿಲ್ಲ. ಈ ವೃತ್ತಾಂತಕ್ಕೆ ಆಧಾರವೇನು? ಇದು ಬಹುಮಟ್ಟಿಗೆ ಗೆಡ್ಡೀಸರ ಬಾಯಿಂದಲೇ ಬಂದದ್ದು. ಅವರ ಶಿಷ್ಯೆ ಅಮೀಲಿಯ ಡೆಫ್ರೀಸ್ 1927ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಪ್ರಚಾರವಾಯಿತು. ನಾಯಕನೇ ನಿರೂಪಕನಾದಾಗ ಕತೆಗೆ ಹೊಳಪು ಹೆಚ್ಚುವುದು ಸಹಜ. ಪ್ಲೇಗು ಆ ಋತುವಿನಲ್ಲಿ ತೊಲಗಿತೆಂಬ ಮಾತನ್ನೂ ಎಚ್ಚರಿಕೆಯಿಂದ ಗ್ರಹಿಸಬೇಕು. ಭಾರತದಲ್ಲಿ ಪ್ಲೇಗು ಋತುಮಾನವನ್ನು ಅನುಸರಿಸಿ ಏರಿಳಿಯುತ್ತಿತ್ತು. ಬೇಸಗೆಯ ಬಿಸಿಲು ಬಲಿತಂತೆ ತಾನಾಗಿಯೇ ಇಳಿಯುತ್ತಿದ್ದುದುಂಟು. ಕಸ ಹೋದರೆ ಹೆಗ್ಗಣಗಳ ಆಶ್ರಯ ಹೋಗುವುದು ನಿಜ. ಆದರೆ ಒಂದು ಮೆರವಣಿಗೆಯಿಂದ ರೋಗ ಓಡಿತೆನ್ನುವುದಕ್ಕೆ ಪ್ರಮಾಣ ಸಾಲದು. ಎಲ್ಲಕ್ಕಿಂತ ಮುಖ್ಯವಾಗಿ, ಅಂದು ಹೂಮಾಲೆ ಹಾಕಿಕೊಂಡು ನಡೆದವರಲ್ಲಿ ಒಬ್ಬರ ಮಾತೂ ನಮ್ಮ ಕೈಸೇರಿಲ್ಲ. ಮರುದಿನ ಅವರು ಅದೇ ಕೇರಿಗೆ, ಅದೇ ಕೂಲಿಗೆ, ಅದೇ ಮಲದ ಬುಟ್ಟಿಗೆ ಹಿಂದಿರುಗಿರಬೇಕು. ಮಲ ಹೊರುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು ಭಾರತದ ಸಂಸತ್ತು ಕಾನೂನಿನಿಂದ ನಿಷೇಧಿಸಿದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಮತ್ತೊಂದು ಕಾನೂನನ್ನು ಮಾಡಬೇಕಾಯಿತು. ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ, 1970ರ ದಶಕದ ಮೊದಲ ಭಾಗದಲ್ಲಿಯೇ, ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆಯಾದುದನ್ನು ಇಲ್ಲಿ ನೆನೆಯಬೇಕು. ನಮ್ಮಲ್ಲಿ ಪೌರಕಾರ್ಮಿಕರೆಂಬ ಗೌರವದ ಹೆಸರು ರೂಢಿಗೆ ಬಂದಿದೆ. ಸೆಪ್ಟೆಂಬರ್ 23ರಂದು ಅವರ ದಿನಾಚರಣೆಯೂ ನಡೆಯುತ್ತದೆ. ಹಾರವು ಒಂದು ದಿನದ್ದು, ಸಂಬಳ ವರ್ಷದ್ದು ಎಂದು ಅವರು ಹೇಳಿದರೆ ಅದಕ್ಕೆ ಎದುರು ಮಾತಿಲ್ಲ.

ಹಾಗಾದರೆ ಇಂದೂರಿನ ಆ ದಿನ ವ್ಯರ್ಥವೆ? ಹಾಗೆ ಹೇಳಲು ನಮಗೆ ಮನಸ್ಸಾಗದು. ನಗರದ ಆರೋಗ್ಯವು ನಕ್ಷೆ ಬರೆದವನಿಂದಲ್ಲ, ದಿನವೂ ಅದನ್ನು ಗುಡಿಸುವವನಿಂದ ಉಳಿಯುತ್ತದೆಂಬುದನ್ನು ಯೋಜಕನೊಬ್ಬನು ಬಹಿರಂಗವಾಗಿ ಒಪ್ಪಿಕೊಂಡ ಸಂದರ್ಭಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ. ಒಪ್ಪಿಕೊಂಡದ್ದು ಒಂದು ದಿನವಾದರೂ ಅದು ದಾಖಲೆಯಾಗಿ ಉಳಿದಿದೆ.

ಗೆಡ್ಡೀಸರ ಮುಂದಿನ ಚರಿತೆಯನ್ನು ಸಂಕ್ಷೇಪವಾಗಿ ಹೇಳಬಹುದು. ಇಂದೂರಿನ ವರದಿ ಎರಡು ಸಂಪುಟಗಳಲ್ಲಿ 1918ರಲ್ಲಿ ಪ್ರಕಟವಾಯಿತು. 1919ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರವಿದ್ಯೆಯ ಪ್ರಾಧ್ಯಾಪಕರಾದರು. 1924ರಲ್ಲಿ ಭಾರತವನ್ನು ಬಿಟ್ಟರು. ಭಾರತೀಯ ಸಮಾಜಶಾಸ್ತ್ರದ ಹಿರಿಯರಲ್ಲೊಬ್ಬರಾದ ಜಿ. ಎಸ್. ಘುರ್ಯೆ ಅವರ ಪಾಠಗಳನ್ನು ಕೇಳಿದವರು, ಅವರ ಬಳಿಕ ಆ ವಿಭಾಗವನ್ನು ನಡೆಸಿದವರು. 1932ರಲ್ಲಿ ನೈಟ್ ಪದವಿ ಮತ್ತೆ ಬಂದಿತು. ಈ ಸಲ ಮುದುಕನಾದ ಗೆಡ್ಡೀಸ್ ಅದನ್ನು ಸ್ವೀಕರಿಸಿದರು. ಅದೇ ವರ್ಷ ಏಪ್ರಿಲ್ 17ರಂದು ಫ್ರಾನ್ಸಿನ ಮಾಂಪೆಲಿಯೆಯಲ್ಲಿ ತೀರಿಕೊಂಡರು. ನಿರಾಕರಿಸಿದ್ದನ್ನು ಇಪ್ಪತ್ತು ವರ್ಷಗಳ ಮೇಲೆ ಒಪ್ಪಿದ್ದೇಕೆಂದು ಕೆಲವರು ಹುಬ್ಬೇರಿಸುತ್ತಾರೆ. ವೃದ್ಧಾಪ್ಯದಲ್ಲಿ ದೊರೆತ ಮರ್ಯಾದೆಯನ್ನು ಲೆಕ್ಕ ಕೇಳುವುದು ಸೌಜನ್ಯವಲ್ಲವೆಂದು ನಮಗೆ ತೋರುತ್ತದೆ. ಅವರ ಭಾರತದ ವರದಿಗಳು ಸ್ಥಳೀಯ ಮುದ್ರಣಾಲಯಗಳಲ್ಲಿ ಅಚ್ಚಾಗಿ, ಕಛೇರಿಗಳ ಕಪಾಟುಗಳಲ್ಲಿ ಧೂಳು ಹಿಡಿದಿದ್ದವು. ಜ್ಯಾಕ್ವೆಲಿನ್ ಟಿರ್‍ವಿಟ್ ಅವರು 1947ರಲ್ಲಿ ಅವುಗಳಿಂದ ಆಯ್ದ ಭಾಗಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಯೋಜಕರ ಹೊಸ ತಲೆಮಾರು ಗೆಡ್ಡೀಸರನ್ನು ಮತ್ತೆ ಓದತೊಡಗಿತು. ವೃತ್ತಿಯು ತನ್ನ ಹಿರಿಯನಿಗೆ ಸಲ್ಲಿಸಿದ ನಿಜವಾದ ಗೌರವ ಈ ಸಂಪಾದನೆಯ ಕೆಲಸವೆಂದರೆ ತಪ್ಪಾಗಲಾರದು.

ಇಂದೂರಿನ ಹೆಸರು ಗೌರವದ ಚರ್ಚೆಯಲ್ಲಿ ಇನ್ನೊಮ್ಮೆ ಬರುತ್ತದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಕಲ್ಲಿನ ಮೊಗಸಾಲೆಗಳಿಂದ ನಮ್ಮವರಿಗೂ ಪರಿಚಿತರಾದ ಬಾಲಕೃಷ್ಣ ದೋಶಿಯವರು ಇಂದೂರಿನ ಅಭಿವೃದ್ಧಿ ಪ್ರಾಧಿಕಾರಕ್ಕಾಗಿ ಅರಣ್ಯ ಎಂಬ ಬಡಾವಣೆಯನ್ನು ಯೋಜಿಸಿದರು. ಸುಮಾರು 6,500 ನಿವೇಶನಗಳು, ಬಹುಪಾಲು ಬಡವರಿಗೆ. ದೋಶಿಯವರು ಅಲ್ಲಿ ಪೂರ್ಣವಾದ ಮನೆಗಳನ್ನು ಕಟ್ಟಿಕೊಡಲಿಲ್ಲ. ಬಡವನ ನಿವೇಶನದಲ್ಲಿ ಒಂದು ಜಗತಿ, ನೀರು ಶೌಚಗಳ ವ್ಯವಸ್ಥೆ, ಒಂದು ಕೋಣೆ, ಇಷ್ಟರಿಂದ ಆರಂಭ. ಮಿಕ್ಕದ್ದನ್ನು ಆ ಸಂಸಾರವು ಕೈಯಲ್ಲಿ ಹಣವಾದಂತೆಲ್ಲ, ತನಗೆ ಬೇಕಾದ ರೀತಿಯಲ್ಲಿ ಬೆಳೆಸಿಕೊಳ್ಳಬೇಕು. ಹೇಗೆ ಬೆಳೆಸಬಹುದೆಂಬುದಕ್ಕೆ ಮಾದರಿಯಾಗಿ 80 ಮನೆಗಳನ್ನು ಮಾತ್ರ ಕಟ್ಟಿ ತೋರಿಸಲಾಯಿತು. ಗೆಡ್ಡೀಸರ ಸುಣ್ಣದ ಬಕೀಟಿನ ನೆನಪು ಇಲ್ಲಿ ಬಾರದಿರದು: ಎರಡು ಕಡೆಗಳಲ್ಲಿಯೂ ನಿವಾಸಿಯೇ ಅರ್ಧ ಯೋಜಕ.

ಅರಣ್ಯಕ್ಕೆ 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಿತು. ದೋಶಿಯವರಿಗೆ 2018ರಲ್ಲಿ ಪ್ರಿಟ್ಸ್‌ಕರ್ ಬಹುಮಾನವೂ 2022ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆಯ ಸ್ವರ್ಣಪದಕವೂ ಸಂದುವು. 2023ರ ಜನವರಿಯಲ್ಲಿ ಅವರು ನಿಧನರಾದರು. ಈ ಎರಡು ಬಗೆಯ ಪ್ರಶಸ್ತಿಗಳ ನಡುವಣ ವ್ಯತ್ಯಾಸವು ನಮ್ಮ ವಿಷಯಕ್ಕೆ ಮುಖ್ಯವಾದುದು. ಪ್ರಿಟ್ಸ್‌ಕರ್ ಬಹುಮಾನವು ವ್ಯಕ್ತಿಗೆ ಸಲ್ಲುತ್ತದೆ. ಆಗಾ ಖಾನ್ ಪ್ರಶಸ್ತಿಯು ಕೃತಿಗೆ ಸಲ್ಲುತ್ತದೆ. ಅದರ ಹಣವನ್ನು ಕೃತಿಗೆ ಕಾರಣರಾದವರಲ್ಲಿ, ಅಂದರೆ ವಾಸ್ತುಶಿಲ್ಪಿಯ ಜೊತೆಗೆ ಕಟ್ಟಿಸಿದ ಸಂಸ್ಥೆ, ಇಂಜಿನಿಯರು, ಕುಶಲಕರ್ಮಿ, ಇವರಲ್ಲಿ ಹಂಚುವ ಏರ್ಪಾಡುಂಟು. ನಗರಕ್ಕೆ ಒಬ್ಬ ಕರ್ತೃವಿಲ್ಲವೆಂದು ನಾವು ಮೊದಲಲ್ಲಿ ಹೇಳಿದೆವಷ್ಟೆ. ಆ ಸತ್ಯವನ್ನು ಪ್ರಶಸ್ತಿಯ ನಿಯಮದಲ್ಲಿಯೇ ಸೇರಿಸಿಕೊಂಡಿರುವುದು ವಿವೇಕದ ಕೆಲಸ. ಹೀಗೆ ಹಂಚಿದರೆ ಯೋಜಕನ ಹಿರಿಮೆ ಕುಂದುವುದೆಂಬ ವಾದವೂ ಉಂಟು. ಮುಂದಾಳುತನಕ್ಕೆ ಪ್ರತ್ಯೇಕ ಮನ್ನಣೆ ಇಲ್ಲದಿದ್ದರೆ ಬುದ್ಧಿವಂತರಾದ ತರುಣರು ಈ ವೃತ್ತಿಗೇ ಬರಲಾರರು ಎನ್ನುತ್ತಾರೆ. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ವಿದ್ಯಾರ್ಥಿಗೆ ಮೇಲ್ಪಂಕ್ತಿಯಾಗಬೇಕಾದದ್ದು ಪದಕವೇ, ಕೆಲಸವೇ ಎಂಬುದನ್ನೂ ಯೋಚಿಸಬೇಕು.

2017ರಿಂದ ಮೊದಲಾಗಿ ಹಲವು ವರ್ಷ ಸತತವಾಗಿ ಕೇಂದ್ರ ಸರ್ಕಾರದ ಸ್ವಚ್ಛ ಸರ್ವೇಕ್ಷಣೆಯಲ್ಲಿ ಇಂದೂರು ಮೊದಲನೆಯ ಸ್ಥಾನವನ್ನು ಪಡೆದದ್ದು ಓದುಗರಿಗೆ ತಿಳಿದಿರಬಹುದು. ಶತಮಾನದ ಹಿಂದಿನ ಮೆರವಣಿಗೆಗೂ ಇದಕ್ಕೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ಸಾಹಸವಾದೀತು. ನಾವು ಆ ಸಾಹಸಕ್ಕೆ ಹೋಗುವುದಿಲ್ಲ.

ತರಗತಿಯಲ್ಲಿ ಎದ್ದ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಇಬ್ಬರು ಕೆಲವು ವಾರ ಕಛೇರಿಗಳನ್ನು ಅಲೆದು, ತಮ್ಮ ಬಡಾವಣೆಯ ಹಳೆಯ ನಕ್ಷೆಯೊಂದರ ಪ್ರತಿಯನ್ನು ತಂದರು. ಅದರ ಕೆಳಗಿನ ಮೂಲೆಯಲ್ಲಿ ಮೂರು ಸಣ್ಣ ಚೌಕಗಳಿವೆ: ಬರೆದವನು, ತಾಳೆ ನೋಡಿದವನು, ಮಂಜೂರು ಮಾಡಿದವನು. ಮಂಜೂರು ಮಾಡಿದವರ ಹೆಸರು ಪೂರ್ಣವಾಗಿದೆ, ಹುದ್ದೆಯೂ ಇದೆ. ಉಳಿದ ಎರಡು ಚೌಕಗಳಲ್ಲಿ ಇರುವುದು ಮೊದಲಕ್ಷರಗಳು ಮಾತ್ರ. ಆ ಅಕ್ಷರಗಳು ಯಾರವೆಂಬುದನ್ನು ಅಂದಿನ ನೌಕರರ ವೇತನಪಟ್ಟಿಗಳಿಂದ ಪತ್ತೆಹಚ್ಚಲು ಅವರು ಈಗ ತೊಡಗಿದ್ದಾರೆ.